ಮೂರು ಸೂತಿನ ಸ್ಟಡ್ಡು

ಒಂದು ಶನಿವಾರ ಬೆಳಗಿನ ಜಾವ, ಇನ್ನೂ ಹಾಲಿನವನು ಕೂಡ ಬಂದಿರಲಿಲ್ಲ, ಪಕ್ಕದ ಕಾಂಪೌಂಡಿನಿಂದ 'ಢಂ' ಅಂತ ಒಂದು ಸದ್ದು. ನನ್ನಾಕೆ ಗ್ಯಾಸ್ ಸಿಲಿಂಡರ್ ಅಂದಳು. ಎದುರು ಮನೆಯವರು ಟ್ರಾನ್ಸ್‌ಫಾರ್ಮರ್ ಅಂದರಂತೆ. ನಾನು ಹಾಸಿಗೆಯಲ್ಲೇ ಮಗ್ಗುಲು ಬದಲಿಸಿ, "ಮೇಷ್ಟ್ರ ಹಬ್ಬು ಕಳಚಿಕೊಂಡಿತು, ಮಲಕ್ಕೋ" ಅಂದೆ. ನಾಲ್ಕು ದಿನದಿಂದ ಕಾದಿದ್ದ ಹಬ್ಬ ಅದು.

ಪಕ್ಕದ ಮನೆಯ ಮೇಷ್ಟ್ರ ಹತ್ತಿರ ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್ ಇದೆ. ಇಂಗ್ಲೆಂಡಿನಲ್ಲಿ 1959ರಲ್ಲಿ ಟ್ರಯಂಫ್ ಹೆರಾಲ್ಡ್ ಅಂತ ಹುಟ್ಟಿ, ಅರವತ್ತರ ದಶಕದಲ್ಲಿ ಮದ್ರಾಸಿನಲ್ಲಿ ತಯಾರಾದ ಗಾಡಿ. ಮೈಕಟ್ಟು ಬಿಡಿಸಿದವನು ಇಟಲಿಯ ಮಿಕೆಲೊಟ್ಟಿ. ಎಂಜಿನ್ 948 ಸಿಸಿ, ಅಂದರೆ ಉಸಿರು ಅಷ್ಟಕ್ಕಷ್ಟೇ. ಆದರೆ 25 ಅಡಿ ಸುತ್ತಿನಲ್ಲಿ ತಿರುಗಿಬಿಡುತ್ತದೆ. ನಮ್ಮ ಗಲ್ಲಿಯಲ್ಲಿ ಒಂದೇ ಏಟಿಗೆ ಯೂ ಟರ್ನ್ ಹೊಡೆಯುವ ಕಾರು ಅದೊಂದೇ. ಬಾನೆಟ್ಟು ಮಡ್‌ಗಾರ್ಡಿನ ಸಮೇತ ಮುಂದಕ್ಕೆ ಬಾಗಿ ತೆರೆದುಕೊಂಡಾಗ, ಬಾಯಿ ಕಳೆದು ಮಲಗಿದ ಮೊಸಳೆಯ ಹಾಗೆ ಕಾಣುತ್ತದೆ. ಆ ಬಾಯೊಳಗೇ, ಮುಂದಿನ ಟೈರಿನ ಮೇಲೆ ಆಸೀನರಾಗಿ ಮೇಷ್ಟ್ರು ಪೇಪರ್ ಓದುವುದೂ ಉಂಟು.

ಈ ರಾಮಾಯಣ ಶುರುವಾದದ್ದು ಒಂದು ಪಂಕ್ಚರಿನಿಂದ. ಟೈರ್ ಅಂಗಡಿಯ ಹುಡುಗ ಚಕ್ರ ಸಿಕ್ಕಿಸಿ, ಗಾಳಿ ಗನ್ನು ಹಿಡಿದು 'ಟರ್ರ್' ಅನ್ನಿಸಿದ. ಮೂರನೇ ನಟ್ಟಿಗೆ, ಅದು ಕೂರುವ ತಿರುಪಿನ ಸ್ಟಡ್ಡು ಟಪ್ ಅಂತ ತುಂಡಾಗಿ ನಟ್ಟಿನ ಜೊತೆಗೇ ಅವನ ಕೈಗೆ ಬಂತು. "ಹಳೇ ಗಾಡಿ ಅಲ್ವಾ ಸಾರ್" ಅಂದ, ತಪ್ಪೆಲ್ಲ ಗಾಡಿಯ ವಯಸ್ಸಿನದು ಅನ್ನುವ ಧಾಟಿಯಲ್ಲಿ.

ವಯಸ್ಸಿನದಲ್ಲ. ಹೆರಾಲ್ಡಿನ ಚಕ್ರಕ್ಕೆ ನಾಲ್ಕೇ ಸ್ಟಡ್ಡು, ಒಂದೊಂದರ ದಪ್ಪ 3/8 ಇಂಚು. ನಮ್ಮ ಮೆಕ್ಯಾನಿಕ್ಕರ ಭಾಷೆಯಲ್ಲಿ ಮೂರು ಸೂತು. ಅದನ್ನು ಸುಮಾರು 40 ಪೌಂಡ್-ಅಡಿ, ಅಂದರೆ 54 ನ್ಯೂಟನ್-ಮೀಟರಿನಷ್ಟು ಬಿಗಿ ಮಾಡಿದರೆ ಸಾಕು. ಈಗಿನ ಕಾರಿನ 12 ಮಿಲಿಮೀಟರ್ ಸ್ಟಡ್ಡಿಗೆ ಬೇಕಾದದ್ದು 100ರ ಆಸುಪಾಸು. ಗನ್ನಿಗೆ ಈ ವ್ಯತ್ಯಾಸ ಗೊತ್ತಿಲ್ಲ, ಗನ್ನು ಹಿಡಿದವನಿಗೂ ಗೊತ್ತಿಲ್ಲ. ಒಂದು ಸಲ ಅತಿಯಾಗಿ ಎಳೆಸಿಕೊಂಡ ಸ್ಟಡ್ಡು ನೋಡಲು ಗಟ್ಟಿಮುಟ್ಟಾಗೇ ಇರುತ್ತದೆ, ಒಳಗೆ ಮಾತ್ರ ಹಿಗ್ಗಿಹೋಗಿರುತ್ತದೆ. ಇನ್ನೊಂದು ಸಲ ಗನ್ನು ಹಿಡಿದಾಗ ಪ್ರಾಣ ಬಿಡುತ್ತದೆ.

ಚಕ್ರ ಸ್ಟಡ್ಡಿನ ಮೇಲೆ ನೇತಾಡುತ್ತದೆ ಅಂತಲೇ ನಾನೂ ಬಹಳ ದಿನ ತಿಳಿದಿದ್ದೆ. ಮೇಷ್ಟ್ರು ಬೇಲಿಯ ಆಚೆಯಿಂದ ನನ್ನ ಪಂಚೆಯನ್ನೇ ತೋರಿಸಿ ಪಾಠ ಮಾಡಿದರು. ಪಂಚೆ ಉಡಿದಾರಕ್ಕೆ ನೇತುಹಾಕಿದ್ದಲ್ಲ, ಉಡಿದಾರದ ಬಿಗಿಗೆ ನಿಂತಿದ್ದು. ಹಾಗೆಯೇ ಸ್ಟಡ್ಡು ಚಕ್ರವನ್ನು ಅದರ ಹಿಂದಿರುವ ಹಬ್ಬಿಗೆ ಒತ್ತಿ ಹಿಡಿಯುತ್ತದೆ. ಭಾರ ಹೊರುವುದು ಅವೆರಡರ ನಡುವಿನ ಉಜ್ಜಾಟ. ಬಿಗಿ ಸಡಿಲವಾದರೆ ಪಂಚೆಗೆ ಆಗುವುದೇ ಚಕ್ರಕ್ಕೂ ಆಗುತ್ತದೆ.

ಮುರಿದ ಒಂದಕ್ಕೆ ಒಂದು ಹಾಕಿಸಿ ಸುಮ್ಮನಿರಬಹುದಿತ್ತು. ಮೇಷ್ಟ್ರ ಜಾತಕದಲ್ಲಿ ಸುಮ್ಮನಿರುವ ಯೋಗವಿಲ್ಲ. ಎಲ್ಲವನ್ನೂ ದಪ್ಪ ಮಾಡಿಸುತ್ತೇನೆ ಅಂತ ಹೊರಟರು. ಜೆ.ಸಿ. ರಸ್ತೆಯಲ್ಲಿ 12 ಮಿಲಿಮೀಟರಿನವು ರಾಶಿ ರಾಶಿ ಸಿಗುತ್ತವೆ, ಅಗ್ಗ ಬೇರೆ. ಆದರೆ ಅಷ್ಟು ದಪ್ಪದ್ದು ತೂರಬೇಕಾದರೆ ಚಕ್ರದ ತೂತನ್ನೂ ಕೊರೆಯಬೇಕು, ಕೊರೆದರೆ ನಟ್ಟು ಕೂರುವ ಇಳಿಜಾರು ಬಟ್ಟಲು ಸವೆದು ಹೋಗುತ್ತದೆ. ಕೊನೆಗೆ ಮೂರೂವರೆ ಸೂತಿಗೆ, ಅಂದರೆ 7/16 ಇಂಚಿಗೆ ಒಪ್ಪಂದವಾಯಿತು. ಅರ್ಧ ಸೂತು ಹೆಚ್ಚಾದರೆ ಏನು ಮಹಾ ಅನ್ನಬೇಡಿ. ಎಳೆತ ತಡೆಯುವ ಉಕ್ಕಿನ ಪ್ರಮಾಣ ಮೂರನೇ ಒಂದು ಪಾಲಿಗಿಂತ ಹೆಚ್ಚೇ ಏರುತ್ತದೆ.

ಸ್ಟಡ್ಡಿನ ಬುಡದಲ್ಲಿ ಸಣ್ಣ ಸಣ್ಣ ಹಲ್ಲುಗಳಿವೆ. ಅವು ಹಬ್ಬಿನ ತೂತಿನಲ್ಲಿ ಕಚ್ಚಿ ಕೂರಬೇಕು. ಸಡಿಲವಾದರೆ ನಟ್ಟು ತಿರುಗಿಸಿದಂತೆಲ್ಲ ಸ್ಟಡ್ಡೂ ತಿರುಗುತ್ತದೆ, ಆಗ ಚಕ್ರ ಬಿಚ್ಚುವುದು ಬ್ರಹ್ಮನಿಗೂ ಆಗುವುದಿಲ್ಲ. ಆದ್ದರಿಂದ ಹಬ್ಬನ್ನು ಬಿಚ್ಚಿ, ರೀಮರಿನಿಂದ ತೂತನ್ನು ಅಳತೆಗೆ ಸರಿಯಾಗಿ ಅಗಲ ಮಾಡಿ, ಪ್ರೆಸ್ಸಿನಲ್ಲಿ ಒತ್ತಿ ಕೂರಿಸಬೇಕು. ಸುತ್ತಿಗೆ ಮುಟ್ಟಬಾರದು. ಎದುರು ಬದುರು ಸ್ಟಡ್ಡುಗಳ ನಡುವೆ ಮೂರೂಮುಕ್ಕಾಲು ಇಂಚು. ಅದರಲ್ಲಿ ಒಂದು ವಾಲಿದರೂ ಗಾಡಿ ಮದುಮಗಳ ಹಾಗೆ ಬಳುಕುತ್ತದೆ.

ಮುಂದಿನ ಹಬ್ಬುಗಳು ಸಾಧುಪ್ರಾಣಿಗಳು. ಸ್ಪ್ಲಿಟ್ ಪಿನ್ ಕಿತ್ತು, ನಟ್ಟು ಬಿಚ್ಚಿದರೆ ಬೇರಿಂಗಿನ ಸಮೇತ ಕೈಗೆ ಬಂದವು. ಹಿಂದಿನದು ಹಾಗಲ್ಲ. ಆಕ್ಸಲಿನ ಚೂಪಾದ ತುದಿಗೆ ಕೀ ಇಟ್ಟು ಹಬ್ಬನ್ನು ಬಡಿದು ಬಿಗಿದಿರುತ್ತಾರೆ. ಅರವತ್ತು ವರ್ಷದಲ್ಲಿ ಎರಡೂ ಸೇರಿ ಒಂದೇ ಲೋಹವಾಗಿಬಿಟ್ಟಿದ್ದವು. ತಮಾಷೆ ನೋಡಿ, ಅದನ್ನು ಕೀಳುವ ಪುಲ್ಲರ್ ಹಿಡಿದುಕೊಳ್ಳುವುದು ಅದೇ ಮೂರು ಸೂತಿನ ಸ್ಟಡ್ಡುಗಳನ್ನು! ದುರ್ಬಲ ಅಂತ ನಿವೃತ್ತಿ ಕೊಟ್ಟವರ ಕೈಯಲ್ಲೇ ಕೊನೆಯ ದಿನ ಮೂಟೆ ಹೊರಿಸಿದ ಹಾಗೆ.

ಮೊದಲ ದಿನ ಪುಲ್ಲರ್ ಬಿಗಿದರು. ಎರಡನೇ ದಿನ ಎಣ್ಣೆ ಬಿಟ್ಟರು. ಮೂರನೇ ದಿನ ಬೆಂಕಿ ತೋರಿಸಿದರು. ನಾಲ್ಕನೇ ದಿನ ಇನ್ನರ್ಧ ಸುತ್ತು ಬಿಗಿ ಮಾಡಿ, "ಹೋಗಯ್ಯ, ನಿನ್ನಿಷ್ಟ" ಅಂತ ಮಲಗಲು ಹೋದರು. ನಡು ನಟ್ಟನ್ನು ಪೂರ್ತಿ ತೆಗೆಯದೆ ತುದಿಯಲ್ಲಿ ಬಿಟ್ಟಿದ್ದರು, ಅಷ್ಟು ವಿವೇಕ ಇತ್ತು. ಇಲ್ಲದಿದ್ದರೆ ಆ ಬೆಳಗಿನ ಜಾವ ಹಬ್ಬು ಬೇಲಿ ಹಾರಿ ನಮ್ಮ ತುಳಸಿಕಟ್ಟೆಗೆ ಬರುತ್ತಿತ್ತು.

ಸಾಲದ್ದಕ್ಕೆ, ಹೊಸ ಸ್ಟಡ್ಡು ಮೊದಲು ಮುಂದಕ್ಕೆ ಮಾತ್ರ ಸಿದ್ಧವಾಗಿದ್ದರಿಂದ ಎರಡು ವಾರ ಗಾಡಿ ಮುಂದೆ ಒಂದು ಅಳತೆ, ಹಿಂದೆ ಒಂದು ಅಳತೆ ಇಟ್ಟುಕೊಂಡು ಓಡಾಡಿತು. ಮುಂದಿನ ನಟ್ಟು ಹಿಂದಿನ ಸ್ಟಡ್ಡಿಗೆ ಬಳೆಯ ಹಾಗೆ ಜಾರಿ ಹೋಗುತ್ತಿತ್ತು.

ಇದನ್ನೆಲ್ಲ ನೋಡುವಾಗ ನಮ್ಮೂರ ಬಸ್ ಸ್ಟ್ಯಾಂಡಿನ ಡಾಡ್ಜ್ ಟ್ಯಾಕ್ಸಿ ನೆನಪಾಯಿತು. ಕ್ರೈಸ್ಲರ್ ಕಂಪನಿಯವರು ಎಡಗಡೆಯ ಚಕ್ರಗಳಿಗೆ ಎಡ ತಿರುಪು ಇಡುತ್ತಿದ್ದರು, ಓಡುವಾಗ ನಟ್ಟು ಸಡಿಲವಾಗದಿರಲಿ ಅಂತ. ಅದು ತಿಳಿಯದೆ ಪಾನಾದ ಮೇಲೆ ಇಬ್ಬರು ಹತ್ತಿ ನಿಂತು ಕುಣಿದಿದ್ದರು. ಬಿಚ್ಚುತ್ತಿದ್ದೇವೆ ಅಂದುಕೊಂಡು ಬಿಗಿ ಮಾಡುತ್ತಿದ್ದರು. ಮುರಿದ ಮೇಲೇ ಗೊತ್ತಾದದ್ದು.

ನನ್ನ ಅಭಿಪ್ರಾಯ ಕೇಳಿದರೆ, ಸ್ಟಡ್ಡಿಗಿಂತ ಮೊದಲು ನೋಡಬೇಕಾದದ್ದು ಬೇರೆ ಇತ್ತು. ನನ್ನದೇನು, ಶಿವಾಜಿನಗರದಿಂದ ಬಂದ ಮುದಿ ಮೇಸ್ತ್ರಿ ಹೇಳಿದ್ದು. ಮುಂದಿನ ಚಕ್ರ ತಿರುಗುವ ಕೆಳಗಿನ ಟ್ರನಿಯನ್ನಿಗೆ ಗೇರ್ ಎಣ್ಣೆ ಬಿಡಬೇಕು, ಗ್ರೀಸಲ್ಲ. ಗ್ರೀಸ್ ಗಟ್ಟಿಯಾಗಿ ನಿಂತು, ಒಳಗೆ ನೀರು ಸೇರಿ, ತುಕ್ಕು ಹಿಡಿದು ಒಂದು ದಿನ ಅಲ್ಲೇ ಮುರಿಯುತ್ತದೆ. ಚಕ್ರ ಮಡಿಚಿಕೊಂಡು ಮಲಗುತ್ತದೆ. ಲೋಟಸ್ ಸೆವೆನ್ ಅನ್ನುವ ಚುರುಕು ಗಾಡಿಯಲ್ಲೂ ಟ್ರಯಂಫಿನ ಇದೇ ಭಾಗ ಇದೆ. ಮೇಷ್ಟ್ರ ಗಾಡಿಯ ಟ್ರನಿಯನ್ನಿನಿಂದ ಮೇಸ್ತ್ರಿ ಕೆರೆದು ತೆಗೆದದ್ದು ಹಳೇ ಹುಣಸೆಹಣ್ಣಿನ ಉಂಡೆಯ ಹಾಗಿತ್ತು. ಮೇಷ್ಟ್ರು ಅರ್ಧ ದಿನ ಮಾತಾಡಲಿಲ್ಲ. ಸಂಜೆ ಬೇಲಿಯ ಹತ್ತಿರ ಬಂದು ನಮ್ಮ ಹೊಲಿಗೆ ಯಂತ್ರದ ಎಣ್ಣೆ ಕ್ಯಾನು ಕೇಳಿದರು.

ಈಗ ಸ್ಟೀರಿಂಗಿಗೆ ಒಂದು ರಟ್ಟು ಕಟ್ಟಿದ್ದಾರೆ: 'ಗನ್ ಮುಟ್ಟಿಸಬೇಡಿ'. ಹೋದ ವಾರ ಮತ್ತೆ ಪಂಕ್ಚರ್. ಅಂಗಡಿಯ ಹುಡುಗ ಅದನ್ನು ಓದಿ, "ಹಂಗಾದ್ರೆ ನೀವೇ ಬಿಚ್ಕೊಳಿ" ಅಂತ ಪಾನಾ ಕೊಟ್ಟು ಟೀ ಕುಡಿಯಲು ಹೋದ. ಮೇಷ್ಟ್ರಿಗೆ ಬೇಕಾದದ್ದೂ ಅದೇ. ಅವರು ಬಿಚ್ಚಿದರು, ನಟ್ಟು ಹಿಡಿದು ನಿಲ್ಲುವ ಕೆಲಸ ನನ್ನದು. ಎದುರು ಬದುರು ಒಂದೊಂದಾಗಿ ಬಿಗಿ ಮಾಡುತ್ತ ಬಂದವರು ಮೂರಕ್ಕೆ ನಿಂತರು. ನಾಲ್ಕನೆಯದು ಇಲ್ಲ. ಮೋರಿಯಲ್ಲಿ ಕಡ್ಡಿ ಆಡಿಸಿದೆವು, ಟೀ ಬಿಟ್ಟು ಬಂದ ಹುಡುಗನೂ ಗಾಡಿಯ ಕೆಳಗೆ ತೆವಳಿ ಹುಡುಕಿದ. ಅರ್ಧ ಗಂಟೆ ಆಯಿತು. ನನ್ನ ಜುಬ್ಬದ ಜೇಬು ಒಂದು ಕಡೆ ಜೋಲುತ್ತಿರುವುದು ಮೊದಲ ಐದು ನಿಮಿಷದಲ್ಲೇ ನನಗೆ ತಿಳಿದಿತ್ತು. ಅದನ್ನು ಮೋರಿಯ ಪಕ್ಕದಲ್ಲಿ ಸಿಕ್ಕಿತು ಅನ್ನಿಸುವುದು ಹೇಗೆ ಅನ್ನುವುದೊಂದೇ ತಿಳಿಯದೆ ನಿಂತಿದ್ದೆ.