ಟೇಪಿನ ದಾಕ್ಷಿಣ್ಯ

ಆರ್.ಟಿ. ನಗರದ ನಮ್ಮ ಬೀದಿಯ ನೆಲಮಾಳಿಗೆಯೊಂದರಲ್ಲಿ ಧ್ವನಿಮುದ್ರಣಾಲಯವನ್ನು ತೆರೆದಿರುವ ತರುಣನು, ಗಣಕಯಂತ್ರವೇ ಸಕಲವನ್ನೂ ಮಾಡಿಕೊಡುವ ಈ ಕಾಲದಲ್ಲಿ, ಡ್ರಮ್ಸನ್ನೂ ಬೇಸ್ ಗಿಟಾರನ್ನೂ ಮಾತ್ರ ಮೊದಲು ಎರಡಂಗುಲ ಅಗಲದ ಟೇಪಿಗೆ ಮುದ್ರಿಸಿ, ಅನಂತರವೇ ಕಂಪ್ಯೂಟರಿಗೆ ಇಳಿಸಿಕೊಂಡು ಮಿಕ್ಸಿಂಗ್ ಮಾಡುವ ವ್ರತವನ್ನು ಹಿಡಿದಿದ್ದಾನೆ. ಕಾರಣವೇನೆಂದು ಕೇಳಿದೆ.

“ಟೇಪಿಗೆ ದಾಕ್ಷಿಣ್ಯ ಇದೆ ಸಾರ್, ಕಂಪ್ಯೂಟರಿಗೆ ಇಲ್ಲ” ಎಂದನು.

ಮಾತು ನಿಜವೇ. ಡ್ರಮ್ಮಿನ ಪೆಟ್ಟು ಮಿತಿಮೀರಿದೊಡನೆ ಡಿಜಿಟಲ್ ಯಂತ್ರವು ಅಲೆಯ ತಲೆಯನ್ನೇ ಕತ್ತರಿಸಿ ನಾದವನ್ನು ಕರ್ಕಶಗೊಳಿಸುವುದು. ಟೇಪಿನ ಕಬ್ಬಿಣದ ಆಕ್ಸೈಡ್ ಕಣಗಳಾದರೋ, ಹೊರಲಾಗುವಷ್ಟು ಕಾಂತತ್ವವನ್ನು ಹೊತ್ತು, ಮಿಕ್ಕ ಆರ್ಭಟವನ್ನು, ಊಟದ ಪಂಕ್ತಿಯಲ್ಲಿ ಗದ್ದಲವೆಬ್ಬಿಸುವ ನೆಂಟನನ್ನು ಹಿರಿಯರು ಭುಜ ತಟ್ಟಿ ಕೂರಿಸುವಂತೆ, ಮೆಲ್ಲನೆ ತಗ್ಗಿಸುವುವು. ಸೆಕೆಂಡಿಗೆ 15 ಅಂಗುಲದ ವೇಗದಲ್ಲಿ ಓಡಿಸಿದರೆ ಮಂದ್ರನಾದಕ್ಕೆ ಕೊಂಚ ಪುಷ್ಟಿಯೂ ಒದಗುವುದುಂಟು. ಆದರೆ ಆ ವೇಗದಲ್ಲಿ 2500 ಅಡಿಯ ಸುರುಳಿಯು 33 ನಿಮಿಷಕ್ಕೇ ತೀರುವುದರಿಂದ, ಪದೇಪದೇ ತಾಳ ತಪ್ಪುವ ವಾದಕನ ವಿಷಯದಲ್ಲಿ ಟೇಪಿನ ದಾಕ್ಷಿಣ್ಯವೂ ಅಷ್ಟಕ್ಕಷ್ಟೇ!

ಈ ಸರಂಜಾಮನ್ನು ಮೊದಲು ಯಲಹಂಕದಲ್ಲಿ ಹೂಡಬೇಕೆಂದಿದ್ದನಂತೆ. ಅಲ್ಲಿಯ ವಾಯುನೆಲೆಯಲ್ಲಿ 1996ರಿಂದಲೂ ಎರಡು ವರ್ಷಕ್ಕೊಮ್ಮೆ ನಡೆದುಬಂದಿರುವ ವೈಮಾನಿಕ ಪ್ರದರ್ಶನದ ಜೆಟ್ಟುಗಳು ಯಾರ ತಾಳಕ್ಕೂ ಕುಣಿಯುವವಲ್ಲವೆಂದು ನೆರೆಹೊರೆಯವರೇ ತಡೆದರು. ಟೇಪಿನದೇ ಆದ ‘ಸುಯ್’ ಸದ್ದೊಂದು ಉಂಟಷ್ಟೆ. ಹೆಬ್ಬಾಳದ ಮೇಲ್ಸೇತುವೆಯನ್ನು ನಿತ್ಯವೂ ದಾಟುವ ಕಿವಿಗಳಿಗೆ ಅದು ಕೇಳಿಸುವುದೇ ಇಲ್ಲ.

ಗಾಯನಕ್ಕೆ ಮಾತ್ರ ಕಂಪ್ಯೂಟರೇ ಲೇಸು: ನಮ್ಮ ಬೀದಿಯ ಗಾಯಕರು ಒಂದು ಪಲ್ಲವಿಯನ್ನು ನೂರು ಸಲ ಹಾಡದೆ ಬಿಡುವವರಲ್ಲ, ಟೇಪಿನ ಬೆಲೆಯೋ ದುಬಾರಿ.