ಮುನ್ನೂರು ಕುಂಬಳಕಾಯಿ

ರಾತ್ರಿ ಊರೆಲ್ಲ ಮಲಗಿದ ಮೇಲೆ ಮುನ್ನೂರು ಜನರ ಪತ್ರಗಳ ನಕಲು ತೆಗೆಸುವುದು ನನ್ನ ಉದ್ಯೋಗ. ಇದನ್ನು ಇದ್ದದ್ದು ಇದ್ದ ಹಾಗೆ ಹೇಳಿದರೆ ಬಾಡಿಗೆಗೆ ಮನೆ ಕೊಡುವವರು ಕೂಡ ಗೇಟು ಹಾಕಿಕೊಳ್ಳುತ್ತಾರೆ. ಅದಕ್ಕೇ ‘ಐಟಿಯಲ್ಲಿದ್ದೀನಿ’ ಅಂದುಬಿಡುತ್ತೇನೆ. ಪೀಣ್ಯದ ಕಾರ್ಖಾನೆಯೊಂದರ ಮೇಲ್ ಸರ್ವರ್ ಕಾಯುವವನಿಗೂ ಈ ಮಾತು ಸಲ್ಲುತ್ತದೆ. ಆದರೆ ಮಾತು ಬಾಯಿಂದ ಬಿದ್ದ ಕೂಡಲೇ ಬಾಡಿಗೆ ಎರಡು ಸಾವಿರ ಏರುತ್ತದೆ.

ನಮ್ಮ ಸರ್ವರಿನಲ್ಲಿ ಮೇಲುಗಳು ಮೇಲ್‌ಡಿರ್ ಎಂಬ ಕ್ರಮದಲ್ಲಿ ಕೂತಿವೆ. ಒಂದು ಮೇಲಿಗೆ ಒಂದು ಫೈಲು. ಹಳೆಯ ಎಂಬಾಕ್ಸ್ ಕ್ರಮದಲ್ಲಿ ಇಡೀ ಇನ್‌ಬಾಕ್ಸೇ ಒಂದು ಫೈಲು. ‘ಓಕೆ’ ಎಂಬ ಒಂದೇ ಒಂದು ಉತ್ತರ ಬಂದು ಸೇರಿಕೊಂಡರೂ ಫೈಲು ಬದಲಾಯಿತೆಂದು ಬ್ಯಾಕಪ್ಪು ಅಷ್ಟನ್ನೂ ಮತ್ತೆ ಹೊರಬೇಕಾಗುತ್ತಿತ್ತು. ಈಗ ಹೊಸದಾಗಿ ಬಂದದ್ದನ್ನಷ್ಟೇ ಹೊತ್ತರೆ ಸಾಕು.

ಹಾಗಂತ ಹೊರೆ ಇಳಿಯಿತೆ? ಆಯುಧಪೂಜೆಯ ದಿನ ಲೇತ್ ಮಷೀನಿಗೆ ಹಾರ ಹಾಕಿ ಬೂದುಗುಂಬಳ ಒಡೆದ ಫೋಟೊಗಳನ್ನು ಎಚ್.ಆರ್. ವಿಭಾಗದವರು ‘ಆಲ್ ಸ್ಟಾಫ್’ ವಿಳಾಸಕ್ಕೆ ಕಳಿಸುತ್ತಾರೆ. ಎಲ್ಲ ಸೇರಿ 9 ಎಂ.ಬಿ. ಇ-ಮೇಲು ಹುಟ್ಟಿದ್ದೇ ಅಕ್ಷರಗಳಿಗಾಗಿ. ಚಿತ್ರವನ್ನು ಕೊಟ್ಟರೆ ಅದನ್ನೂ ಅಕ್ಷರ ಮಾಡಿಯೇ ಸಾಗಿಸುತ್ತದೆ. ಬೇಸ್64 ಎಂಬ ಆ ಲೆಕ್ಕದಲ್ಲಿ ಮೂರು ಬೈಟು ನಾಲ್ಕಾಗಿ, 9 ಎಂ.ಬಿ. 12 ಆಗುತ್ತದೆ. ಮುನ್ನೂರು ಮಂದಿಗೆ ಮುನ್ನೂರು ಪ್ರತಿ, ಒಟ್ಟು 3.6 ಜಿ.ಬಿ. ಅಂಗಳದಲ್ಲಿ ಒಡೆದದ್ದು ಒಂದೇ ಕುಂಬಳಕಾಯಿ. ನನ್ನ ಡಿಸ್ಕಿನಲ್ಲಿರುವುದು ಮುನ್ನೂರು, ಒಂದೂ ಕೊಳೆಯುವುದಿಲ್ಲ. ಆಮೇಲೆ ‘ಸೂಪರ್’ ಎಂದು ಬರೆದು ರಿಪ್ಲೈ ಆಲ್ ಒತ್ತುವ ಸಜ್ಜನರದು ಬೇರೆ ಲೆಕ್ಕ.

ಇಷ್ಟೆಲ್ಲ ಇಟ್ಟುಕೊಂಡವನ ಹತ್ತಿರ ಬೇಕಾದದ್ದು ಇರುತ್ತದೆ ಎಂದು ಜನ ನಂಬುವುದು ಸಹಜವೇ. ಒಂದು ಮಧ್ಯಾಹ್ನ ಪರ್ಚೇಸ್ ಮೇಡಂ ಬಂದರು.

“ಬೆಳಿಗ್ಗೆ ಬಂದ ಕೊಟೇಶನ್ ಮೇಲ್ ಕಾಣ್ತಿಲ್ಲ ಕಣ್ರೀ. ಫೋನಲ್ಲಿ ಏನೋ ಒತ್ತಿದೆ. ಟ್ರ್ಯಾಶೂ ಖಾಲಿ ಮಾಡ್ಬಿಟ್ಟಿದೀನಿ.”

“ಮೇಡಂ, ಬ್ಯಾಕಪ್ ಓಡೋದು ರಾತ್ರಿ ಹನ್ನೊಂದಕ್ಕೆ. ಬೆಳಿಗ್ಗೆ ಬಂದು ಮಧ್ಯಾಹ್ನವೇ ಹೋದ ಮೇಲ್ ಅದರ ಕಣ್ಣಿಗೇ ಬಿದ್ದಿರಲ್ಲ.”

“ಮತ್ತೆ ರಾತ್ರಿಯೆಲ್ಲ ಕೂತು ಅದೇನು ತುಂಬಿಸ್ತೀರಿ?”

ಕುಂಬಳಕಾಯಿ ಎನ್ನುವ ಧೈರ್ಯ ಬರಲಿಲ್ಲ.

ಅಕೌಂಟ್ಸಿನ ಹಿರಿಯರೊಬ್ಬರದು ಇನ್ನೊಂದು ಬಗೆ. ಅವರು ಪಾಪ್ ಎಂಬ ಹಳೆಯ ಮೇಲ್ ಕ್ರಮದ ಕಾಲದವರು. ಬಂದ ಮೇಲನ್ನೆಲ್ಲ ತಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತಾರೆ. ಸರ್ವರಿನಲ್ಲಿ ಪ್ರತಿ ಉಳಿಸಬೇಕೆ ಎಂಬಲ್ಲಿದ್ದ ಟಿಕ್ಕನ್ನು ತೆಗೆದು ಯಾವ ಕಾಲವಾಯಿತೋ. ಅವರ ಖಾಲಿ ಪೆಟ್ಟಿಗೆಯನ್ನು ನಮ್ಮ ಸರ್ವರು ದಿನಾ ರಾತ್ರಿ ನಿಷ್ಠೆಯಿಂದ ನಕಲು ಮಾಡಿ, ಬೆಳಿಗ್ಗೆ ನನಗೆ ‘ಯಶಸ್ವಿ’ ಎಂದು ವರದಿ ಒಪ್ಪಿಸುತ್ತದೆ. “ನಮ್ಮದಕ್ಕೆ ಬ್ಯಾಕಪ್ ಇದೆಯಲ್ಲಪ್ಪಾ” ಎಂದು ಅವರು ನೆಮ್ಮದಿಯಿಂದ ಇದ್ದಾರೆ. ನಾನು ಹೇಳಿ ನೋಡಿದೆ. ನಮ್ರತೆಯಿಂದ ಮಾತಾಡುತ್ತಿದ್ದೇನೆ ಎಂದುಕೊಂಡರು.

ಇವರೆಲ್ಲ ಹಗಲು ಬರುವವರು. ಕಳೆದುಹೋದದ್ದು ಬೇಕು ಎಂದು ಗಟ್ಟಿಯಾಗಿ ಕೇಳುತ್ತಾರೆ. ಆಫೀಸು ಬಿಟ್ಟ ಮೇಲೆ, ಬಸ್ಸಿಗೆ ಹೊರಟವರ ಹಾಗೆ ಬ್ಯಾಗು ನೇತುಹಾಕಿಕೊಂಡು ಬರುವ ಪಂಗಡವೇ ಬೇರೆ. ಅವರ ದನಿ ಸಣ್ಣದು. “ಮೊನ್ನೆ ಸಿಟ್ಟಲ್ಲಿ ಒಂದು ಮೇಲ್ ಹೋಗ್ಬಿಟ್ಟಿದೆ. ಈ ಬ್ಯಾಕಪ್ಪಿಂದಲೂ ಅಳಿಸಿಬಿಡೋದಕ್ಕೆ ಆಗತ್ತೇನ್ರೀ?” ಒಂದು ಮೇಲೂ ಕಳೆಯಕೂಡದು ಎಂದು ಮೀಟಿಂಗಿನಲ್ಲಿ ಮೇಜು ಗುದ್ದಿದವರೇ ಈ ಸಾಲಿನಲ್ಲಿ ಮುಂದೆ. ಹಿಂದೆ ಹಳ್ಳಿಯಲ್ಲಿ ಶಾನುಭೋಗರಿಗೆ ಸಿಗುತ್ತಿದ್ದ ಮರ್ಯಾದೆಯೇ ನನಗೂ ಸಿಗುತ್ತದೆ: ಪಕ್ಕದವನ ಜಮೀನಿನ ಲೆಕ್ಕ ಕರಾರುವಾಕ್ಕಾಗಿರಬೇಕು, ತನ್ನದು ಬಂದಾಗ ಮಾತ್ರ ಶಾಯಿ ಚೆಲ್ಲಬೇಕು.

ಈ ಆಸೆಗೆ ಸಣ್ಣವರು, ದೊಡ್ಡವರು ಎಂಬ ಭೇದವಿಲ್ಲ. 1986ರ ನವೆಂಬರಿನಲ್ಲಿ ಇರಾನ್-ಕಾಂಟ್ರಾ ಎಂಬ ಶಸ್ತ್ರಾಸ್ತ್ರ ಹಗರಣ ಹೊರಬೀಳುವ ಹೊತ್ತಿಗೆ ಅಮೆರಿಕದ ಶ್ವೇತಭವನದ ಅಧಿಕಾರಿಗಳಾದ ಆಲಿವರ್ ನಾರ್ತ್ ಮತ್ತು ಜಾನ್ ಪಾಯಿಂಡೆಕ್ಸ್‌ಟರ್ ತಮ್ಮ ಪೆಟ್ಟಿಗೆಗಳಿಂದ ಸಾವಿರಾರು ಸಂದೇಶ ಅಳಿಸಿ ಕೈ ತೊಳೆದುಕೊಂಡರು. ಆದರೆ ಐಬಿಎಂನ ಆ ಪ್ರಾಫ್ಸ್ ವ್ಯವಸ್ಥೆಗೆ ಬ್ಯಾಕಪ್ ಟೇಪುಗಳಿದ್ದವು. ಅಳಿಸಿದ್ದರಲ್ಲಿ ಬಹಳಷ್ಟು ತನಿಖೆಯ ಟವರ್ ಆಯೋಗದ ಮುಂದೆ ಬಂದು ಕೂತಿತು. ನನ್ನ ಕಸುಬಿನವನು ಯಾರೋ ತನ್ನ ಪಾಡಿಗೆ ಟೇಪು ಬದಲಿಸಿ ಮನೆಗೆ ಊಟಕ್ಕೆ ಹೋಗಿದ್ದಿರಬೇಕು. ಇತಿಹಾಸದಲ್ಲಿ ಅವನ ಹೆಸರು ಕೇಳುವವರಿಲ್ಲ.

ಅಂಥದೇ ಟೇಪು ಇನ್ನೊಮ್ಮೆ ಎಲ್ಲರಿಗೂ ಬೇಕಾಯಿತು. 2011ರ ಫೆಬ್ರುವರಿ ಕೊನೆಯಲ್ಲಿ ಸಾಫ್ಟ್‌ವೇರ್ ದೋಷವೊಂದರಿಂದ ಜಿಮೇಲ್ ಬಳಕೆದಾರರಲ್ಲಿ ಶೇಕಡಾ 0.02 ಮಂದಿಯ ಪೆಟ್ಟಿಗೆ ಬರಿದಾಯಿತು. ಬೇರೆ ಬೇರೆ ಡೇಟಾ ಸೆಂಟರುಗಳಲ್ಲಿ ಪ್ರತಿಗಳಿದ್ದವು. ದೋಷ ಅಲ್ಲಿಗೂ ನುಗ್ಗಿತ್ತು. ನುಗ್ಗಲಾಗದೆ ಹೋದದ್ದು ಯಾವ ತಂತಿಗೂ ಅಂಟದೆ ಕಪಾಟಿನಲ್ಲಿದ್ದ ಟೇಪಿಗೆ. ಗೂಗಲ್ಲಿನಂಥ ಗೂಗಲ್ಲೇ ಕ್ಯಾಸೆಟ್ಟಿನ ಕಾಲದ ಸರಕಿಗೆ ಕೈ ಮುಗಿದಾಗ ನನಗಾದ ಸಂತೋಷ ಹೇಳತೀರದು.

ಈ ಉದಾಹರಣೆಗಳನ್ನೆಲ್ಲ ಹೇಳಿ, ಯಾವ ಮೇಲನ್ನು ಎಷ್ಟು ವರ್ಷ ಇಡಬೇಕೆಂದು ಒಂದು ನಿಯಮ ಮಾಡಿಕೊಡಿ ಎಂದು ಎಂ.ಡಿ. ಸಾಹೇಬರನ್ನು ಕೇಳಿಕೊಂಡೆ. ಸಭೆ ಕರೆದರು. ಸೇಲ್ಸಿನವರು ಪರ್ಚೇಸಿನ ಮೇಲನ್ನು ಶಾಶ್ವತವಾಗಿ ಇಡಬೇಕೆಂದರು, ತಮ್ಮದು ಮೂರು ತಿಂಗಳು ಸಾಕಂತೆ. ಪರ್ಚೇಸಿನವರು ಸೇಲ್ಸಿನ ಬಗ್ಗೆ ಅದನ್ನೇ ಅಂದರು. ಎಲ್ಲರೂ ಸೇರಿ ಎಚ್.ಆರ್. ಕಡೆ ತಿರುಗಿದಾಗ ಕಾಫಿ ಬಂತು. ಮುಂದಿನ ಸಭೆಯಲ್ಲಿ ನೋಡೋಣ ಎಂದಾಯಿತು. ಸಭೆಯ ನಡಾವಳಿಯನ್ನು ಸ್ಕ್ಯಾನ್ ಮಾಡಿ ಆಲ್ ಸ್ಟಾಫಿಗೆ ಕಳಿಸಿದ್ದಾರೆ. ನಾನು ಬಲ್ಲಂತೆ, ಹಗಲಿನವರೂ ಕೇಳದ, ಸಂಜೆಯವರೂ ಹೆದರದ ಮೇಲು ಅದೊಂದೇ. ಯಾರೂ ತೆರೆದು ನೋಡಿಲ್ಲ.