ಆರು ವೋಲ್ಟಿನ ಮರ್ಯಾದೆ

ಹಳೆಯ ಕಾರೊಂದು ಸ್ಟಾರ್ಟ್ ಆಗದೆ ನಿಂತಿತೆಂದರೆ ಗುಡಗೇರಿಯಂಥ ಊರಿನಲ್ಲಿ ವೈದ್ಯರಿಗೆ ಬರವಿಲ್ಲ. ಬಾನೆಟ್ ಎತ್ತುವುದೇ ತಡ, ಸುತ್ತ ನೆರೆದವರಲ್ಲಿ ಒಬ್ಬರಾದರೂ ಬ್ಯಾಟರಿಯ ಮೇಲೆ ಮೂರೇ ಮುಚ್ಚಳ ಇರುವುದನ್ನು ಕಂಡುಹಿಡಿದು, "ಆರು ವೋಲ್ಟ್ ಐತ್ರೀ, ಅದಕ್ಕ ಹಿಂಗ. ಹನ್ನೆರಡು ಮಾಡಿಸಿಬಿಡ್ರಿ" ಎಂದು ತೀರ್ಪು ಕೊಡುತ್ತಾರೆ. ತೀರ್ಪಿನ ಹಿಂದೆ ಗಟ್ಟಿ ತರ್ಕವೂ ಇದೆ: ಹನ್ನೆರಡು ಆರಕ್ಕಿಂತ ದೊಡ್ಡದು. ಈ ಲೆಕ್ಕ ಒಪ್ಪಿದರೆ ಲಾರಿಯ 24 ವೋಲ್ಟ್ ಇನ್ನೂ ಮೇಲು, ಮನೆಯ 230 ವೋಲ್ಟ್ ಕೊಟ್ಟರಂತೂ ಕಾರು ಹಾರಬೇಕು. ನನ್ನ ವಾದ ಇದಕ್ಕೆ ತಿರುಗಾಮುರುಗಾ. ಆರು ವೋಲ್ಟಿನಲ್ಲಿ ಐಬಿಲ್ಲ. ಐಬಿರುವುದು ಬ್ಯಾಟರಿಯಿಂದ ಬಲ್ಬಿನವರೆಗಿನ ದಾರಿಯಲ್ಲಿ. ಕುಣಿಯಲಾರದವರು ನೆಲ ಡೊಂಕು ಅಂದರಂತೆ. ಹಳೆಯ ಕಾರಿನ ವಿಷಯದಲ್ಲಿ ಮಾತ್ರ ನೆಲವೇ ನಿಜವಾಗಿ ಡೊಂಕು. ಮಿಸ್ತ್ರಿಗಳು ಅರ್ಥ್ ಅನ್ನುವ ಜಾಗಕ್ಕೆ ತುಕ್ಕು ಹಿಡಿದಿರುತ್ತದೆ.

ಮೊದಲು ಚರಿತ್ರೆಯ ಸಾಕ್ಷಿ. ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪು ಮರಳುಗಾಡು, ಕೆಸರು ಎರಡನ್ನೂ ಆರು ವೋಲ್ಟಿನಲ್ಲೇ ದಾಟಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರ ಸುಮಾರಿಗೆ ಹೊರಬರತೊಡಗಿದ ಜಾವಾ 250ರ ಡೈನಮೋ ಕೂಡ ಆರು ವೋಲ್ಟಿನದೇ. ಕರ್ನಾಟಕದ ಒಂದು ತಲೆಮಾರು ಅದರ ಮೇಲೆ ಕೂತು ಊರೂರು ತಿರುಗಿತು. ಅಮೆರಿಕದಲ್ಲಿ ಕ್ಯಾಡಿಲ್ಯಾಕ್ 1953ರಲ್ಲಿ, ಷೆವರ್ಲೆ 1955ರಲ್ಲಿ, ಫೋರ್ಡ್ 1956ರಲ್ಲಿ ಹನ್ನೆರಡಕ್ಕೆ ಜಿಗಿದವು ನಿಜ. ಆದರೆ ಆರು ವೋಲ್ಟಿನ ದೀಪ ಉರಿಯುತ್ತಿರಲಿಲ್ಲ ಎಂದು ಅವು ಜಿಗಿಯಲಿಲ್ಲ. ಹೊಸ ಎಂಟು ಸಿಲಿಂಡರಿನ ಎಂಜಿನ್ನುಗಳ ಕಂಪ್ರೆಷನ್ ಏರಿತ್ತು, ಅವನ್ನು ತಿರುಗಿಸಲು ಹೆಚ್ಚು ಬಲ ಬೇಕಾಯಿತು. ಮೇಲಿಂದ ಹೀಟರು, ರೇಡಿಯೋ, ಗುಂಡಿ ಒತ್ತಿದರೆ ಇಳಿಯುವ ಗಾಜು. ಇದಾವುದರ ಹಂಬಲವೂ ಇಲ್ಲದ 1940ರ ಕಾರಿಗೆ ಆ ಔಷಧವನ್ನು ಕುಡಿಸುವುದೇಕೆ? ಹಿಮ ಸುರಿಯುವ ನಾಡಿನ ಭಯವೂ ನಮಗೆ ಬೇಡ. ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿಯಲ್ಲಿ ಬ್ಯಾಟರಿಯ ಕಸುವು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ, ಎಂಜಿನ್ ಎಣ್ಣೆ ಅಂಟಾಗುತ್ತದೆ. ಗುಡಗೇರಿಯಿರುವ ಕುಂದಗೋಳ ತಾಲೂಕಿನ ಎಂಥ ಚಳಿಗಾಲವೂ ಕಂಬಳಿಯೊಳಗೆ ಮುಗಿದುಹೋಗುತ್ತದೆ.

ಇನ್ನು ಲೆಕ್ಕದ ಸಾಕ್ಷಿ. 35 ವ್ಯಾಟಿನ ಎರಡು ಹೆಡ್‌ಲೈಟು ಉರಿಯಲು 12 ವೋಲ್ಟಿನ ಕಾರಿನಲ್ಲಿ ಸುಮಾರು 6 ಆಂಪಿಯರ್ ಹರಿದರೆ ಸಾಕು. 6 ವೋಲ್ಟಿನದರಲ್ಲಿ ಸುಮಾರು 12 ಹರಿಯಬೇಕು. ಕರೆಂಟು ಇಮ್ಮಡಿಯಾದರೆ ಅದೇ ತಂತಿಯಲ್ಲಿ ಸೋರಿಹೋಗುವ ವೋಲ್ಟೂ ಇಮ್ಮಡಿ. ಕಳೆದುಕೊಳ್ಳಲು ಇರುವ ಬಂಡವಾಳವೋ ಅರ್ಧ. ಹೀಗಾಗಿ ಪ್ರಮಾಣದಲ್ಲಿ ನಷ್ಟ ನಾಲ್ಕು ಪಟ್ಟು. ದಾರಿಯಲ್ಲಿ ಬರೀ ಅರ್ಧ ವೋಲ್ಟು ಹೋದರೂ ಆರು ವೋಲ್ಟಿನ ಬಲ್ಬು ಬೆಳಕಿನ ಕಾಲು ಭಾಗವನ್ನೇ ಕಳೆದುಕೊಳ್ಳುತ್ತದೆ. ಸೆಲ್ಫ್ ಹೊಡೆಯುವಾಗಿನ ಕಥೆ ಇನ್ನೂ ಘೋರ. ಆಗ 200 ಆಂಪಿಯರ್ ಹರಿಯಿತೆನ್ನಿ. ಒಂದು ಓಮ್‌ನ ಇನ್ನೂರನೇ ಒಂದು ಭಾಗದಷ್ಟು ತಡೆಯೊಡ್ಡುವ ತುಕ್ಕು ಇದ್ದರೂ ಒಂದಿಡೀ ವೋಲ್ಟು ಅಲ್ಲೇ ಸ್ವಾಹಾ. ಲೈನಿನ ಕೊನೆಯ ಹೊಲದಲ್ಲಿ ಪಂಪ್‌ಸೆಟ್ ಇಟ್ಟುಕೊಂಡ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ. ಟ್ರಾನ್ಸ್‌ಫಾರ್ಮರ್ ಹತ್ತಿರ ಭೋರ್ಗರೆಯುವ ಕರೆಂಟು ತನ್ನ ಬೋರಿಗೆ ಬರುವಷ್ಟರಲ್ಲಿ ಮೋಟಾರನ್ನು ಗುಂಯ್‌ಗುಡಿಸುವುದಷ್ಟೇ ಎಂದು ಅವನು ಬಲ್ಲ. ಅದೇ ರೈತ ಕಾರಿನ ಮುಂದೆ ನಿಂತಾಗ ಮಾತ್ರ ತಂತಿಯನ್ನು ಬಿಟ್ಟು ಟ್ರಾನ್ಸ್‌ಫಾರ್ಮರನ್ನೇ ಬೈಯುತ್ತಾನೆ.

ರೋಗ ದಾರಿಯಲ್ಲಿದೆ ಎಂದಮೇಲೆ ಮದ್ದೂ ದಾರಿಗೇ ಬೀಳಬೇಕು. ಬ್ಯಾಟರಿ ಸತ್ತಾಗಲೆಲ್ಲ ಯಾರೋ ಹೊಸ ಕಾಲದ ಕಾರಿನ ತೆಳು ಕೇಬಲ್ ತಂದು ಜೋಡಿಸಿರುತ್ತಾರೆ. ಹೊಸದು, ಕೆಂಪಗಿದೆ, ಚೆಂದವೂ ಇದೆ, ಆದರೆ ದಪ್ಪ ಸಾಲದು. ಈ ಸೀಮೆಯಲ್ಲಿ ಟ್ರ್ಯಾಕ್ಟರ್ ಟ್ರಾಲಿಗೆ ಬೆಸುಗೆ ಹಾಕುವ ಅಂಗಡಿ ಎಲ್ಲೂ ದೂರವಿಲ್ಲ. ಅಲ್ಲಿ ಬಳಸುವ ದಪ್ಪನೆಯ ವೆಲ್ಡಿಂಗ್ ಕೇಬಲ್ ಹಳೆಯ ಕಾರಿನ ಬ್ಯಾಟರಿಗೆ ಹೇಳಿ ಮಾಡಿಸಿದ್ದು. ಎಂಜಿನ್ ಕೂತಿರುವುದು ರಬ್ಬರಿನ ಮೇಲೆ. ಆದ್ದರಿಂದ ಎಂಜಿನ್ನಿನಿಂದ ಚಾಸಿಗೆ ಒಂದು ಹೆಣೆದ ತಾಮ್ರದ ಪಟ್ಟಿ ಬೇಕೇ ಬೇಕು. ಅರ್ಥ್ ಬಿಗಿಯುವ ಕಡೆ ಬಣ್ಣ ಕೆರೆದು ಲೋಹ ಹೊಳೆಯಿಸಿ, ಬೋಲ್ಟು ಬಿಗಿದು, ಮೇಲೆ ವ್ಯಾಸಲೀನ್ ಸವರಬೇಕು. ಕಾರಿಗೆ ಹೊಸ ಬಣ್ಣ ಹೊಡೆಸಿದ ಮೇಲೆಯೇ ದೀಪ ಮಂಕಾಯಿತೆಂದು ಗೋಳಾಡುವವರಿದ್ದಾರೆ. ಅರ್ಥ್ ಜಾಗಕ್ಕೂ ಮೂರು ಕೋಟು ಹೊಡೆಸಿದರೆ ಮತ್ತೇನಾಗಬೇಕು? ಹೆಡ್‌ಲೈಟಿಗೆ 6 ವೋಲ್ಟಿನ ರಿಲೇ ಇಟ್ಟರೆ ಕರೆಂಟು ಮುದಿ ಸ್ವಿಚ್ಚಿನೊಳಗೆ ನುಸುಳಿ ಬರುವ ಪಾಡು ತಪ್ಪುತ್ತದೆ. ಸೆಲ್ಫ್ ಹೊಡೆಯುವಾಗ ಕೇಬಲ್ಲಿನ ಒಂದೊಂದು ಜೋಡಣೆಯ ಎರಡೂ ಬದಿಗೆ ಮೀಟರ್ ಹಿಡಿದರೆ ಕಳ್ಳ ಎಲ್ಲಿದ್ದಾನೆಂದು ಮುಳ್ಳೇ ತೋರಿಸುತ್ತದೆ. ಬ್ಯಾಟರಿಗೆ ಡಿಸ್ಟಿಲ್ಡ್ ನೀರೇ ಆಗಬೇಕು. ನಮ್ಮ ಎರಿ ನೆಲದ ಸವಳು ನೀರು ಬೇಳೆಯನ್ನೇ ಬೇಯಿಸದು, ಬ್ಯಾಟರಿಯನ್ನು ಹೇಗೆ ಬದುಕಿಸೀತು? ಮತ್ತೊಂದು ಎಚ್ಚರ: ಹಳೆಯ ಬ್ರಿಟಿಷ್ ಕಾರುಗಳಲ್ಲಿ ಪಾಸಿಟಿವ್ ತುದಿಯೇ ಅರ್ಥ್ ಆಗಿರುವುದುಂಟು. ಇದನ್ನು ಕಂಡು ಗಾಬರಿಯಾಗಿ ಬ್ಯಾಟರಿಯನ್ನು ತಿರುಗಿಸಿಟ್ಟು ಉಪಕಾರ ಮಾಡುವವರಿಂದ ಕಾರನ್ನು ದೂರ ಇಡಬೇಕು. ಅವರ ಉಪಕಾರದ ಬೆಲೆಯನ್ನು ಡೈನಮೋ ಮತ್ತು ಅದರ ಕಟೌಟ್ ರಿಲೇ ತೆರುತ್ತವೆ.

ಆಕ್ಷೇಪಗಳು ಇಲ್ಲದಿಲ್ಲ. ಮೊದಲನೆಯದು, ಸಾಮಾನು ಸಿಗುವುದಿಲ್ಲ. ಅರ್ಧ ನಿಜ. ಕಾರಿಗೆ ಸಾಲುವ 6 ವೋಲ್ಟ್ ಬ್ಯಾಟರಿ ಅಂಗಡಿಯಲ್ಲಿ ನಮ್ಮ ದಾರಿ ಕಾಯುತ್ತ ಕೂತಿರುವುದಿಲ್ಲ, ಹೇಳಿ ತರಿಸಬೇಕು. ಆದರೆ ಹನ್ನೆರಡಕ್ಕೆ ಹೊರಟವರ ಪಟ್ಟಿ ಇನ್ನೂ ಉದ್ದ: ಎಲ್ಲ ಬಲ್ಬು, ಇಗ್ನಿಷನ್ ಕಾಯಿಲ್, ಹಾರ್ನ್, ಡೈನಮೋ, ರೆಗ್ಯುಲೇಟರ್, ವೈಪರ್ ಮೋಟಾರು. ಹಳೆಯ ಸ್ಟಾರ್ಟರನ್ನೇ ಇಟ್ಟುಕೊಂಡರೆ ಅದು ದೇವರು ಮೈಮೇಲೆ ಬಂದಂತೆ ತಿರುಗಿ ಫ್ಲೈವೀಲಿನ ಹಲ್ಲು ಸವೆಸುತ್ತದೆ. ಎರಡನೆಯದು, ನಡುದಾರಿಯಾಗಿ 8 ವೋಲ್ಟಿನ ಬ್ಯಾಟರಿ ಹಾಕಬಾರದೇ? ಹಾಕಬಹುದು, ಬಲ್ಬುಗಳು ಜೋರಾಗಿ ಉರಿದು ಬೇಗ ಪ್ರಾಣ ಬಿಡುತ್ತವೆ, ರೆಗ್ಯುಲೇಟರನ್ನು ಹೊಸದಾಗಿ ಹೊಂದಿಸದಿದ್ದರೆ ಬ್ಯಾಟರಿ ಅರೆಹೊಟ್ಟೆಯಲ್ಲೇ ಇರುತ್ತದೆ. ಮೂರನೆಯದು ಗಟ್ಟಿ ಆಕ್ಷೇಪ: ದಿನಾ ರಾತ್ರಿ ಹುಬ್ಬಳ್ಳಿ ರಸ್ತೆಯಲ್ಲಿ ಲಾರಿಗಳ ಎದುರು ಓಡಿಸುವವರಿಗೆ ಈ ಬೆಳಕು ಸಾಕೇ? ಸಾಲದು, ಒಪ್ಪಿದೆ. ಆದರೆ 2021ರ ಕೇಂದ್ರ ಮೋಟಾರು ವಾಹನ ನಿಯಮದಂತೆ, 50 ವರ್ಷ ದಾಟಿ 'ವಿಎ' ಎಂಬ ಅಕ್ಷರಗಳ ನಂಬರ್ ಪ್ಲೇಟು ಪಡೆದ ವಿಂಟೇಜ್ ಗಾಡಿಯನ್ನು ನಿತ್ಯದ ಓಡಾಟಕ್ಕೆ ಬಳಸುವಂತೆಯೇ ಇಲ್ಲ. ಗಾಡಿ ಮೂಲರೂಪದಲ್ಲೇ ಇರಬೇಕು ಎನ್ನುವ ಅದೇ ನಿಯಮ ನೋಡುವುದು ಚಾಸಿ, ಬಾಡಿ, ಎಂಜಿನ್ನುಗಳನ್ನು. ತಂತಿಯ ತಂಟೆಗೆ ಬರುವುದಿಲ್ಲ. ಹಾಗಾಗಿ ಕಾನೂನಿನ ಹೆದರಿಕೆ ತೋರಿಸಿ ನನ್ನ ವಾದ ಗೆಲ್ಲಿಸಲಾರೆ. ಗೆಲ್ಲಿಸುವುದಾದರೆ ಖರ್ಚಿನ ಲೆಕ್ಕದಿಂದ ಗೆಲ್ಲಿಸಬೇಕು. ಮೊದಲು ದಪ್ಪ ಕೇಬಲ್ ಹಾಕಿ, ಅರ್ಥ್ ಕೆರೆದು ನೋಡಿ. ಆಮೇಲೂ ದೀಪ ಮಂಕಾಗಿದ್ದರೆ ಧಾರಾಳವಾಗಿ ಹನ್ನೆರಡು ಮಾಡಿಸಿ. ಆಗಲೂ ಬಲ್ಲ ಮಿಸ್ತ್ರಿ ಹೊಸ ಬ್ಯಾಟರಿ ಕೂರಿಸುವ ಮೊದಲು ಕೈಗೆತ್ತಿಕೊಳ್ಳುವುದು ಅರ್ಥ್ ಕೆರೆಯುವ ಉಪ್ಪುಕಾಗದವನ್ನೇ. ವ್ಯತ್ಯಾಸ ಇಷ್ಟೇ, ಅದೇ ಕೆಲಸಕ್ಕೆ ಈ ಸಲ ಬಿಲ್ಲು ದೊಡ್ಡದು.